ತೆರೆದ ಕಲ್ಲಿದ್ದಲು ಗಣಿಯಲ್ಲಿ ಯಂತ್ರಗಳ ಜಾಡು: ಯಾವ ಕೆಲಸಕ್ಕೆ ಯಾವ ವ್ಯವಸ್ಥೆ?

ತೆರೆದ ಕಲ್ಲಿದ್ದಲು ಗಣಿಯಲ್ಲಿ ಅಗೆದು ತುಂಬುವ ಶಾವೆಲ್, ಸಾಗಿಸುವ ಡಂಪರ್, ಹಗ್ಗದಲ್ಲಿ ಬಕೆಟ್ ಎಳೆದು ಅಗೆಯುವ ಡ್ರ್ಯಾಗ್‌ಲೈನ್, ನೆಲ ಸರಿಮಾಡುವ ಡೋಜರ್‌ಗಳು ಈ ಕ್ಷಣ ಎಲ್ಲಿವೆ, ಏನು ಮಾಡುತ್ತಿವೆ ಎಂದು ತೋರಿಸುವ ವ್ಯವಸ್ಥೆ ಕೊಳ್ಳಲು ಹೊರಟವರ ಮುಂದೆ ಮಾರಾಟಗಾರರು ಮೊದಲು ಇಡುವುದು ನಿಖರತೆಯ ಅಂಕಿಯನ್ನು. ಒಬ್ಬರು ಐದು ಮೀಟರ್ ಎಂದರೆ ಇನ್ನೊಬ್ಬರು ಎರಡು ಸೆಂಟಿಮೀಟರ್ ಎನ್ನುತ್ತಾರೆ. ಅಂಕಿ ಚಿಕ್ಕದಾದಷ್ಟೂ ವ್ಯವಸ್ಥೆ ಉತ್ತಮ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆಯ್ಕೆಯನ್ನು ಅಲ್ಲಿಂದ ಶುರುಮಾಡಿದವರು ಬೇಡದ್ದಕ್ಕೆ ಹಣ ಸುರಿದು, ಬೇಕಾದದ್ದನ್ನು ಕೈಬಿಟ್ಟು ಕೂರುತ್ತಾರೆ. ಯಂತ್ರದ ಜಾಗ ತಿಳಿದ ಮೇಲೆ ಯಾರು, ಎಷ್ಟು ಹೊತ್ತಿನೊಳಗೆ, ಏನು ಮಾಡಬೇಕಾಗಿದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಈ ಬರಹದ ಹೋಲಿಕೆಗಳೆಲ್ಲ ಆ ಪ್ರಶ್ನೆಯನ್ನೇ ಹಿಡಿದು ಸಾಗುತ್ತವೆ.

ಕೇಳುವವರು ಯಾರು

ಗಣಿಯಲ್ಲಿ ‘ಎಲ್ಲಿದೆ’ ಎಂದು ಕೇಳುವವರು ಹಲವರು, ಅವರಿಗೆ ಬೇಕಾದ ಉತ್ತರಗಳೂ ಬೇರೆ ಬೇರೆ. ಖಾಲಿ ಡಂಪರನ್ನು ಯಾವ ಶಾವೆಲ್ ಕಡೆಗೆ ಕಳುಹಿಸಬೇಕು ಎಂದು ನಿರ್ಧರಿಸುವ ಡಿಸ್ಪ್ಯಾಚರ್‌ಗೆ ಕೆಲವು ಮೀಟರುಗಳ ತಪ್ಪು ಲೆಕ್ಕಕ್ಕಿಲ್ಲ. ಆದರೆ ಮಾಹಿತಿ ಕೆಲವೇ ಸೆಕೆಂಡುಗಳಷ್ಟು ಹಳೆಯದಾಗಿರಬೇಕು. ಕಲ್ಲಿದ್ದಲು ಪದರದ ಮೇಲ್ಮೈ ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಎಂದು ನೋಡುವ ಸರ್ವೇಯರ್‌ಗೆ ಸೆಂಟಿಮೀಟರುಗಳು ಮುಖ್ಯ. ಎರಡು ವಾಹನಗಳು ಡಿಕ್ಕಿಯಾಗದಂತೆ ತಡೆಯಬೇಕಾದವರಿಗೆ ನಕ್ಷೆಯ ಮೇಲಿನ ಜಾಗಕ್ಕಿಂತ ಎರಡರ ನಡುವಿನ ಅಂತರ ಬೇಕು, ಅದೂ ಸೆಕೆಂಡಿನ ಭಾಗದಲ್ಲಿ. ವರ್ಕ್‌ಶಾಪಿನವರಿಗೆ ಎಂಜಿನ್ ಎಷ್ಟು ಗಂಟೆ ಓಡಿತು ಎಂಬ ವಿವರ ದಿನಕ್ಕೆ ಕೆಲವು ಬಾರಿ ಸಿಕ್ಕರೂ ಸಾಕು.

ಇಲ್ಲಿ ಒಂದು ಸಣ್ಣ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡುವ ಡಂಪರ್ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಟ್ರ್ಯಾಕರ್ 30 ಸೆಕೆಂಡಿಗೊಮ್ಮೆ ಮಾತ್ರ ಜಾಗ ಕಳುಹಿಸುತ್ತಿದ್ದರೆ ಪರದೆಯ ಮೇಲಿನ ಚುಕ್ಕೆ ನಿಜವಾದ ಡಂಪರಿಗಿಂತ 300 ಮೀಟರ್ ಹಿಂದೆ ಇರಬಹುದು. ಅಂಥ ಟ್ರ್ಯಾಕರಿಗೆ ಎರಡು ಸೆಂಟಿಮೀಟರ್ ನಿಖರತೆಯ ಆಂಟೆನಾ ಹಾಕಿ ಏನು ಪ್ರಯೋಜನ? ಶಾವೆಲ್ ವಿಷಯದಲ್ಲೂ ಹೀಗೆಯೇ. ಹಗ್ಗದಿಂದ ಬಕೆಟ್ ಎತ್ತುವ ದೊಡ್ಡ ರೋಪ್ ಶಾವೆಲ್ ಒಂದು ಬಕೆಟ್ ತುಂಬಿ, ತಿರುಗಿ, ಸುರಿದು, ಮರಳಿ ಬರಲು ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ನಿಮಿಷಕ್ಕೊಮ್ಮೆ ಬರುವ ಮಾಹಿತಿಯಿಂದ ಬಕೆಟ್‌ಗಳನ್ನು ಎಣಿಸಲು ಆಗುವುದಿಲ್ಲ. ಎಣಿಸುತ್ತೇವೆ ಎನ್ನುವ ವರದಿ ಅಂದಾಜಿನ ವರದಿ. ಬಕೆಟ್ ಎಣಿಕೆ ಬೇಕಿದ್ದರೆ ಸೆಕೆಂಡಿಗೆ ಒಂದು ಓದಾದರೂ ಬೇಕು, ಇಲ್ಲವೇ ಎಣಿಕೆಯನ್ನು ಯಂತ್ರದ ಮೇಲಿರುವ ಪೆಟ್ಟಿಗೆಯೇ ಮಾಡಿ ಫಲಿತಾಂಶವನ್ನು ಮಾತ್ರ ಕಳುಹಿಸಬೇಕು. ನನ್ನ ಒಲವು ಎರಡನೆಯದರ ಕಡೆಗೆ. ಅದು ನೆಟ್‌ವರ್ಕ್‌ನ ಹೊರೆಯನ್ನು ಬಹಳಷ್ಟು ಇಳಿಸುತ್ತದೆ.

ಸಾದಾ ಜಿಪಿಎಸ್, ಆರ್‌ಟಿಕೆ, ಪಿಪಿಪಿ

ತೆರೆದ ಆಕಾಶದ ಕೆಳಗೆ ಸಾದಾ ಉಪಗ್ರಹ ರಿಸೀವರ್ ಸುಮಾರು ಮೂರರಿಂದ ಐದು ಮೀಟರ್ ನಿಖರತೆ ಕೊಡುತ್ತದೆ. ಇಂದಿನ ರಿಸೀವರ್‌ಗಳು ಜಿಪಿಎಸ್ ಜೊತೆಗೆ ಗ್ಲೋನಾಸ್, ಗೆಲಿಲಿಯೊ, ಬೈಡೂ ಉಪಗ್ರಹಗಳನ್ನೂ ಬಳಸುತ್ತವೆ. ಗಣಿಗೆ ಇದು ಕೇವಲ ಅಲಂಕಾರವಲ್ಲ: ಎತ್ತರದ ಗೋಡೆ ಅರ್ಧ ಆಕಾಶವನ್ನು ಮುಚ್ಚಿದಾಗ ಉಳಿದರ್ಧದಲ್ಲಿ ಸಾಕಷ್ಟು ಉಪಗ್ರಹಗಳು ಕಾಣಬೇಕಾದರೆ ನಾಲ್ಕೂ ಸಮೂಹಗಳು ಬೇಕು. ಜಿಪಿಎಸ್ ಒಂದನ್ನೇ ಹಿಡಿಯುವ ಅಗ್ಗದ ಟ್ರ್ಯಾಕರ್ ರಸ್ತೆಯ ಲಾರಿಗೆ ಸಾಕಾಗಬಹುದು. ನೂರು ಮೀಟರ್ ಆಳದ ಗಣಿಯ ತಳದಲ್ಲಿ ಅದನ್ನು ನಂಬಬೇಡಿ.

ಕಲ್ಲಿದ್ದಲು ಗಣಿಯಲ್ಲಿ ಸಾದಾ ಜಿಪಿಎಸ್‌ನ ನಿಜವಾದ ದೌರ್ಬಲ್ಯ ಇರುವುದು ಎತ್ತರದಲ್ಲಿ. ಉಪಗ್ರಹಗಳಿಂದ ಸಿಗುವ ಎತ್ತರದ ತಪ್ಪು ಸಾಮಾನ್ಯವಾಗಿ ಅಡ್ಡಳತೆಯ ತಪ್ಪಿನ ಒಂದೂವರೆ, ಎರಡು ಪಟ್ಟು ಇರುತ್ತದೆ. ಕಲ್ಲಿದ್ದಲು ಪದರ ಒಂದರ ಮೇಲೊಂದು, ನಡುವೆ ಮಣ್ಣು–ಬಂಡೆಯ ಪದರ, ಮೇಲೆ ಓವರ್‌ಬರ್ಡನ್ ಎಂಬ ಮಣ್ಣು–ಬಂಡೆಯ ಹೊದಿಕೆ; ಮೆಟ್ಟಿಲುಗಳಂತೆ ಕಡಿದ ಬೆಂಚ್‌ಗಳ ಎತ್ತರ ಹತ್ತು–ಹದಿನೈದು ಮೀಟರ್. ಬೆಂಚಿನ ಅಂಚಿನಲ್ಲಿ ನಿಂತ ಶಾವೆಲ್ ಕಲ್ಲಿದ್ದಲು ತುಂಬುತ್ತಿದೆಯೋ ಮಣ್ಣು ತುಂಬುತ್ತಿದೆಯೋ ಎಂದು ಸಾಫ್ಟ್‌ವೇರ್ ತೀರ್ಮಾನಿಸುವುದು ಅದು ಯಾವ ಬೆಂಚಿನ ಮೇಲಿದೆ ಎಂಬುದರಿಂದ. ಎತ್ತರದಲ್ಲಿ ಏಳೆಂಟು ಮೀಟರ್ ತಪ್ಪಿದರೆ ಬೆಂಚೇ ಬದಲಾಗುತ್ತದೆ. ಆಗ ಕಲ್ಲಿದ್ದಲು ಹೊತ್ತ ಡಂಪರಿಗೆ ಮಣ್ಣಿನ ಡಂಪಿನ ದಾರಿ ತೋರಿಸಿದ್ದೂ ಆಗಬಹುದು, ಪಾಳಿಯ ಲೆಕ್ಕದಲ್ಲಿ ಮಣ್ಣು ಕಲ್ಲಿದ್ದಲಾಗಿ ಬರೆಯಲ್ಪಟ್ಟದ್ದೂ ಆಗಬಹುದು. ಆದ್ದರಿಂದ ಡಂಪರುಗಳಿಗೆ ಸಾದಾ ರಿಸೀವರ್ ಹಾಕಿದರೂ ಶಾವೆಲ್‌ಗಳಿಗೆ ಅದಕ್ಕಿಂತ ಉತ್ತಮವಾದದ್ದನ್ನು ಹಾಕುವುದು ಬುದ್ಧಿವಂತಿಕೆ. ಎಲ್ಲ ಯಂತ್ರಗಳಿಗೂ ಒಂದೇ ದರ್ಜೆಯ ರಿಸೀವರ್ ಇರಬೇಕೆಂಬ ನಿಯಮವೇನೂ ಇಲ್ಲ.

ಆರ್‌ಟಿಕೆ ವಿಧಾನದಲ್ಲಿ, ಜಾಗ ಖಚಿತವಾಗಿ ಗೊತ್ತಿರುವ ಒಂದು ಬೇಸ್ ಸ್ಟೇಷನ್ ಉಪಗ್ರಹ ಸಂಕೇತಗಳ ತಪ್ಪನ್ನು ಲೆಕ್ಕಹಾಕಿ, ತಿದ್ದುಪಡಿಯನ್ನು ರೇಡಿಯೊ ಮೂಲಕ ಯಂತ್ರಗಳಿಗೆ ನಿರಂತರ ಕಳುಹಿಸುತ್ತದೆ. ಎಲ್ಲವೂ ಸರಿಯಿದ್ದಾಗ ಒಂದೆರಡು ಸೆಂಟಿಮೀಟರ್ ನಿಖರತೆ ಸಿಗುತ್ತದೆ. ಬೇಸ್‌ನಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ; ಹತ್ತಿಪ್ಪತ್ತು ಕಿಲೋಮೀಟರಿನೊಳಗೆ ಕೆಲಸ ನಡೆಯುವ ಗಣಿಗೆ ಒಂದು ಬೇಸ್ ಸಾಮಾನ್ಯವಾಗಿ ಸಾಕು. ಪಿಪಿಪಿ ವಿಧಾನಕ್ಕೆ ಸ್ಥಳೀಯ ಬೇಸ್ ಬೇಡ, ತಿದ್ದುಪಡಿ ಉಪಗ್ರಹದಿಂದ ಅಥವಾ ಇಂಟರ್ನೆಟ್‌ನಿಂದ ಬರುತ್ತದೆ. ಆದರೆ ಪೂರ್ಣ ನಿಖರತೆಗೆ ತಲುಪಲು ಹಲವು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆಯೂ ಬೇಕಾಗುತ್ತದೆ. ಗೋಡೆಯ ಬುಡದಲ್ಲಿ ಸಂಕೇತ ಆಗಾಗ ಕಡಿದುಹೋಗುವ ಯಂತ್ರಕ್ಕೆ ಈ ಕಾಯುವಿಕೆ ಮತ್ತೆ ಮತ್ತೆ ಎದುರಾಗುತ್ತದೆ. ಎತ್ತರದ ಬೆಂಚುಗಳಲ್ಲಿ, ದೂರದ ಡೋಜರ್‌ಗಳಲ್ಲಿ ಪಿಪಿಪಿ ಚೆನ್ನಾಗಿ ನಡೆಯುತ್ತದೆ. ತಳದ ಶಾವೆಲ್‌ಗೆ ನಾನು ಆರ್‌ಟಿಕೆಯನ್ನೇ ಆರಿಸುತ್ತೇನೆ.

ಎರಡಕ್ಕೂ ಸಮಾನವಾದ ಶತ್ರು ಒಂದಿದೆ. ಸೌರ ಬಿರುಗಾಳಿ ಎದ್ದಾಗ ವಾತಾವರಣದ ಮೇಲ್ಪದರವಾದ ಅಯಾನುಗೋಳ ಕದಡಿ ಉಪಗ್ರಹ ಸಂಕೇತ ಹದಗೆಡುತ್ತದೆ. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಅಮೆರಿಕದ ಹೊಲಗಳಲ್ಲಿ ಆರ್‌ಟಿಕೆ ನಂಬಿ ಬಿತ್ತುತ್ತಿದ್ದ ಟ್ರ್ಯಾಕ್ಟರುಗಳು ದಾರಿ ಕಾಣದೆ ನಿಂತವು. ಭೂಮಧ್ಯ ರೇಖೆಗೆ ಹತ್ತಿರದ ನಾಡುಗಳಲ್ಲಂತೂ ದೊಡ್ಡ ಬಿರುಗಾಳಿಯೇ ಬೇಕಿಲ್ಲ, ಸೂರ್ಯಾಸ್ತದ ನಂತರದ ಕೆಲವು ಗಂಟೆಗಳಲ್ಲಿ ಈ ಕದಡುವಿಕೆ ಹೆಚ್ಚು. ನಿಖರತೆ ಕುಸಿದಾಗ ಪರದೆಯ ಮೇಲೆ ಅದು ಎದ್ದು ಕಾಣುವಂತೆ ತೋರಿಸುವ ವ್ಯವಸ್ಥೆಯನ್ನೇ ಕೊಳ್ಳಿ. ಸೆಂಟಿಮೀಟರ್ ದರ್ಜೆಯಿಂದ ಮೀಟರ್ ದರ್ಜೆಗೆ ಸದ್ದಿಲ್ಲದೆ ಜಾರಿ, ಹಸಿರು ಚುಕ್ಕೆಯನ್ನು ಹಸಿರಾಗಿಯೇ ಉಳಿಸುವ ಪರದೆ ಅಪಾಯಕಾರಿ.

ಯಂತ್ರ ಎಲ್ಲಿದೆ, ಬಕೆಟ್ ಎಲ್ಲಿದೆ

ಅಗೆಯುವ ಯಂತ್ರದ ವಿಷಯದಲ್ಲಿ ಆಂಟೆನಾ ಇರುವ ಜಾಗ ಮತ್ತು ಕೆಲಸ ನಡೆಯುವ ಜಾಗ ಬೇರೆ ಬೇರೆ. ಹೋಲಿಕೆಯಲ್ಲಿ ಅತಿ ಹೆಚ್ಚು ಗೊಂದಲ ಇಲ್ಲೇ ಆಗುತ್ತದೆ.

ಹೈಡ್ರಾಲಿಕ್ ಎಕ್ಸ್‌ಕವೇಟರ್‌ನಲ್ಲಿ ತೋಳಿನ ಭಾಗಗಳಾದ ಬೂಮ್, ಸ್ಟಿಕ್ ಮತ್ತು ಬಕೆಟ್ ಮೂರರ ಮೇಲೂ ಓರೆ ಅಳೆಯುವ ಸಂವೇದಕಗಳನ್ನು ಕೂರಿಸಿ, ಮೇಲ್ಭಾಗದ ಎರಡು ಆಂಟೆನಾಗಳಿಂದ ದಿಕ್ಕು ತಿಳಿದು, ಬಕೆಟ್ ಹಲ್ಲಿನ ಜಾಗವನ್ನು ಲೆಕ್ಕಹಾಕುತ್ತಾರೆ. ಹದಿನೈದು ಮೀಟರ್ ಚಾಚುವ ತೋಳಿನಲ್ಲಿ ಅರ್ಧ ಡಿಗ್ರಿ ತಪ್ಪಿದರೆ ತುದಿಯಲ್ಲಿ ಸುಮಾರು 13 ಸೆಂಟಿಮೀಟರ್ ವ್ಯತ್ಯಾಸ. ಆಂಟೆನಾ ಎರಡು ಸೆಂಟಿಮೀಟರಿನದಾದರೂ ಹಲ್ಲು ಎರಡು ಸೆಂಟಿಮೀಟರಿನದಲ್ಲ ಎಂದಾಯಿತು. ಹಲ್ಲು ಸವೆಯುತ್ತದೆ, ಪಿನ್‌ಗಳು ಸಡಿಲವಾಗುತ್ತವೆ, ಬಕೆಟನ್ನೇ ಬದಲಿಸುತ್ತಾರೆ. ಪ್ರತಿ ಬದಲಾವಣೆಯ ನಂತರ ಮರುಅಳತೆ ಎಷ್ಟು ಹೊತ್ತಿನ ಕೆಲಸ, ಅದನ್ನು ಗಣಿಯ ಸಿಬ್ಬಂದಿಯೇ ಮಾಡಬಹುದೋ ಅಥವಾ ಪ್ರತಿಸಲ ಕಂಪನಿಯವರನ್ನೇ ಕರೆಸಬೇಕೋ ಎಂದು ಕೇಳಿ. ಎರಡು ವ್ಯವಸ್ಥೆಗಳ ನಡುವೆ ಬೇರೆಲ್ಲ ಸಮವಾಗಿದ್ದರೆ ನಾನು ಈ ಒಂದು ಉತ್ತರದ ಮೇಲೆ ತೀರ್ಮಾನಿಸುತ್ತೇನೆ.

ಈ ಖರ್ಚು ಯಾವಾಗ ಸಾರ್ಥಕ? ನೂರು ಮೀಟರ್ ಉದ್ದ, ಐವತ್ತು ಮೀಟರ್ ಅಗಲದ ಪದರದ ಮೇಲೆ ಮಣ್ಣು ತೆಗೆಯುವಾಗ ಹತ್ತು ಸೆಂಟಿಮೀಟರ್ ಕೆಳಗಿಳಿದರೆ 500 ಘನ ಮೀಟರ್ ಕಲ್ಲಿದ್ದಲು ಮಣ್ಣಿನ ಜೊತೆ ಡಂಪಿಗೆ ಹೋಗುತ್ತದೆ. ತೂಕದಲ್ಲಿ 650 ಟನ್ ಆಸುಪಾಸು. ಹತ್ತು ಸೆಂಟಿಮೀಟರ್ ಮೇಲೆಯೇ ನಿಂತರೆ ಅಷ್ಟೇ ಮಣ್ಣು ಕಲ್ಲಿದ್ದಲಿನೊಂದಿಗೆ ಸೇರಿ ಬೂದಿಯ ಪ್ರಮಾಣ ಏರುತ್ತದೆ. ಪದರಗಳು ತೆಳುವಾಗಿ, ಹಲವಾಗಿ ಇರುವ ಗಣಿಯಲ್ಲಿ ಬಕೆಟ್ ಮಟ್ಟದ ಮಾರ್ಗದರ್ಶನ ಬೇಗ ಹಣ ಮರಳಿಸುತ್ತದೆ. ಇಪ್ಪತ್ತು ಮೀಟರ್ ದಪ್ಪದ ಒಂದೇ ಪದರವಿರುವ ಗಣಿಗೆ ಅದರ ತುರ್ತು ಕಡಿಮೆ.

ರೋಪ್ ಶಾವೆಲ್‌ನಲ್ಲಿ ಓರೆಯ ಬದಲು ಹಗ್ಗ ಎಷ್ಟು ಬಿಚ್ಚಿಕೊಂಡಿದೆ, ಬಕೆಟ್ ಹಿಡಿದ ಹ್ಯಾಂಡಲ್ ಎಷ್ಟು ಮುಂದಕ್ಕೆ ಚಾಚಿದೆ ಎಂಬುದನ್ನು ಎನ್‌ಕೋಡರ್ ಎಂಬ ಸಂವೇದಕಗಳು ಅಳೆಯುತ್ತವೆ. ಯಂತ್ರದ ನಿಯಂತ್ರಣ ಪೆಟ್ಟಿಗೆಯಲ್ಲಿ ಈ ಮಾಹಿತಿ ಹೆಚ್ಚಾಗಿ ಆಗಲೇ ಇರುತ್ತದೆ. ಅದನ್ನು ಓದಲು ತಯಾರಕರು ಅನುಮತಿ ಕೊಡುತ್ತಾರೆಯೇ ಎಂಬುದೇ ಪ್ರಶ್ನೆ.

ಡ್ರ್ಯಾಗ್‌ಲೈನ್ ಇನ್ನೂ ಕಷ್ಟದ್ದು. ಬಕೆಟ್ ಹಗ್ಗಗಳಲ್ಲಿ ತೂಗಾಡುತ್ತದೆ, ಬೂಮ್ ನೂರು ಮೀಟರಿನಷ್ಟು ಉದ್ದ. ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಬೂಮಿನ ತುದಿ 1.75 ಮೀಟರ್ ಸರಿದಂತೆ. ಆದ್ದರಿಂದ ದಿಕ್ಕು ಹೇಳುವ ಎರಡು ಆಂಟೆನಾಗಳನ್ನು ಸಾಧ್ಯವಾದಷ್ಟು ದೂರ ದೂರ ಇಡಬೇಕು. ಅವುಗಳ ನಡುವೆ ಐದು ಮೀಟರ್ ಅಂತರವಿದ್ದು ಒಂದು ಸೆಂಟಿಮೀಟರ್ ತಪ್ಪಾದರೆ ನೂರು ಮೀಟರ್ ಆಚೆ ಅದು ಇಪ್ಪತ್ತು ಸೆಂಟಿಮೀಟರ್ ಆಗುತ್ತದೆ. ಅಂತರ ಒಂದೇ ಮೀಟರ್ ಆದರೆ ಒಂದು ಮೀಟರ್. ಎಕ್ಸ್‌ಕವೇಟರ್‌ಗಾಗಿ ಮಾಡಿದ ಸಿದ್ಧ ಕಿಟ್‌ಅನ್ನು ಡ್ರ್ಯಾಗ್‌ಲೈನಿಗೆ ಕೂರಿಸಿ ಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಜರ್ಮನಿಯ ರೈನ್‌ಲ್ಯಾಂಡ್ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಗಳಲ್ಲಿನ, ಚಕ್ರದ ಸುತ್ತ ಬಕೆಟ್‌ಗಳಿರುವ ಬಕೆಟ್ ವೀಲ್ ಎಕ್ಸ್‌ಕವೇಟರ್‌ಗಳದ್ದು ಬೇರೆಯೇ ಲೋಕ. 1978ರ ಬ್ಯಾಗರ್ 288 ಸುಮಾರು 220 ಮೀಟರ್ ಉದ್ದ, ದಿನಕ್ಕೆ 2,40,000 ಘನ ಮೀಟರ್ ಅಗೆಯಬಲ್ಲದು, ಚಲಿಸುವುದು ಮಾತ್ರ ನಿಮಿಷಕ್ಕೆ ಕೆಲವು ಮೀಟರ್. ಇಂಥ ಯಂತ್ರವನ್ನು ಯಾರೂ ನಕ್ಷೆಯಲ್ಲಿ ಹುಡುಕಬೇಕಿಲ್ಲ. ಚಕ್ರ ಯಾವ ಪದರವನ್ನು ಕಡಿಯುತ್ತಿದೆ, ಬೆಲ್ಟಿನ ಮೇಲೆ ಬರುತ್ತಿರುವುದೇನು ಎಂಬುದನ್ನು ಸತತವಾಗಿ ತಿಳಿಯುವುದೇ ಇಲ್ಲಿನ ಟ್ರ್ಯಾಕಿಂಗ್.

ಆರ್‌ಎಫ್‌ಐಡಿ ಮತ್ತು ಯುಡಬ್ಲ್ಯೂಬಿ

ಆರ್‌ಎಫ್‌ಐಡಿ ಟ್ಯಾಗ್, ಅಂದರೆ ಹತ್ತಿರದ ರೀಡರ್ ರೇಡಿಯೊದಿಂದ ಓದುವ ಗುರುತುಚೀಟಿ, ಯಂತ್ರ ಒಂದು ಗೇಟನ್ನು ದಾಟಿತು ಎಂದಷ್ಟೇ ಹೇಳುತ್ತದೆ. ವಾಹನ ತೂಗುವ ವೇಬ್ರಿಜ್, ಡೀಸೆಲ್ ಬಂಕ್, ಗಣಿಯ ದ್ವಾರಗಳಿಗೆ ಅದು ಅಗ್ಗವೂ ಭರವಸೆಯೂ ಆದ ಸಾಧನ. ಗಣಿಯೊಳಗಿನ ಜಾಡಿಗೆ ಅಲ್ಲ. ಯುಡಬ್ಲ್ಯೂಬಿ, ಅಂದರೆ ಅತಿ ಅಗಲದ ತರಂಗಪಟ್ಟಿ ಬಳಸುವ ರೇಡಿಯೊ, ಹತ್ತಾರು ಸೆಂಟಿಮೀಟರ್ ನಿಖರತೆಯಲ್ಲಿ ಎರಡು ವಸ್ತುಗಳ ಅಂತರ ಅಳೆಯುತ್ತದೆ. ಉಪಗ್ರಹ ಕಾಣದ ಕ್ರಷರ್ ಶೆಡ್‌ಗಳಿಗೆ ಮತ್ತು ಸಮೀಪದ ವಾಹನದ ಎಚ್ಚರಿಕೆಗೆ ಅದು ಹೊಂದುತ್ತದೆ.

ಡಿಕ್ಕಿ ತಡೆಯುವ ವ್ಯವಸ್ಥೆಯನ್ನು ಜಾಡು ತೋರಿಸುವ ವ್ಯವಸ್ಥೆಯೊಂದಿಗೆ ಉಚಿತವಾಗಿ ಸೇರಿಸಿಕೊಡುತ್ತೇವೆ ಎಂದರೆ ಎಚ್ಚರ. ಕಂಟ್ರೋಲ್ ರೂಮಿಗೆ ಹೋಗಿ ಮರಳುವ ಎಚ್ಚರಿಕೆ ತಡವಾಗುತ್ತದೆ; ಎರಡು ವಾಹನಗಳು ನೇರವಾಗಿ ಮಾತಾಡಿಕೊಳ್ಳಬೇಕು, ರೇಡಾರ್ ಅಥವಾ ಕ್ಯಾಮೆರಾದ ಕಣ್ಣೂ ಇರಬೇಕು. ಇದಕ್ಕೆಂದೇ ಐಎಸ್‌ಒ 21815 ಎಂಬ ಪ್ರತ್ಯೇಕ ಮಾನದಂಡ ಸರಣಿ ಇದೆ. ಅದನ್ನು ಬೇರೆ ಖರೀದಿಯೆಂದೇ ನೋಡಿ.

ಮಾಹಿತಿ ಹೊರಬರುವ ದಾರಿ

ಟ್ರ್ಯಾಕಿಂಗ್ ಯೋಜನೆಗಳು ಸೋಲುವುದು ಬಹಳಷ್ಟು ಬಾರಿ ಉಪಗ್ರಹದ ಕಡೆಯಿಂದಲ್ಲ, ಯಂತ್ರದಿಂದ ಕಂಟ್ರೋಲ್ ರೂಮಿಗೆ ಬರುವ ದಾರಿಯಲ್ಲಿ. ಗಣಿ ದಿನದಿನಕ್ಕೆ ಆಕಾರ ಬದಲಿಸುತ್ತದೆ. ಇಂದು ಟವರ್ ಕಾಣುತ್ತಿದ್ದ ಜಾಗದ ಮುಂದೆ ಆರು ತಿಂಗಳಲ್ಲಿ ಮಣ್ಣಿನ ಗುಡ್ಡ ಎದ್ದಿರುತ್ತದೆ.

ಕಂಬದಿಂದ ಕಂಬಕ್ಕೆ ಸಂಕೇತ ದಾಟಿಸುವ ವೈಫೈ ಮೆಶ್‌ಗೆ ತರಂಗಾಂತರದ ಪರವಾನಗಿಯ ತೊಡಕು ಕಡಿಮೆ. ಸೌರ ಫಲಕ ಹೊತ್ತ ಟ್ರೇಲರ್ ಕಂಬಗಳನ್ನು ಗಣಿ ಸರಿದಂತೆ ಎಳೆದೊಯ್ಯಬಹುದು. ಆದರೆ ಆ ಕಂಬಗಳನ್ನು ಸರಿಸಲು, ಫಲಕದ ದೂಳು ಒರೆಸಲು, ಬ್ಯಾಟರಿ ನೋಡಲು ಒಂದು ತಂಡ ಸದಾ ಬೇಕು. ಸಂಕೇತ ಕಂಬದಿಂದ ಕಂಬಕ್ಕೆ ಜಿಗಿದಷ್ಟೂ ವೇಗ ಇಳಿಯುತ್ತದೆ, ಓಡುವ ಡಂಪರ್ ಕಂಬ ಬದಲಿಸುವಾಗ ಸಂಪರ್ಕ ತಡವರಿಸುವುದೂ ಉಂಟು. ಗಣಿಯದೇ ಆದ ಖಾಸಗಿ ಎಲ್‌ಟಿಇ (4ಜಿ ಮೊಬೈಲ್) ಜಾಲದಲ್ಲಿ ಕೆಲವೇ ಟವರ್‌ಗಳು ದೊಡ್ಡ ಪ್ರದೇಶವನ್ನು ಆವರಿಸುತ್ತವೆ, ಓಡುವ ವಾಹನ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ಮೊದಲ ಖರ್ಚು ಹೆಚ್ಚು, ತರಂಗಾಂತರದ ಅನುಮತಿ ಬೇಕು. ಹತ್ತು–ಹದಿನೈದು ವರ್ಷ ನಡೆಯಲಿರುವ, ಮುಂದೆ ಚಾಲಕರಹಿತ ಡಂಪರ್‌ಗಳ ಯೋಚನೆಯೂ ಇರುವ ಗಣಿ ಹಿಂಜರಿಯದೆ ಎಲ್‌ಟಿಇ ಕಡೆಗೆ ಹೋಗಲಿ.

ಸಾರ್ವಜನಿಕ ಮೊಬೈಲ್ ಜಾಲ ಅಗ್ಗ. ಮೇಲಿನ ಬೆಂಚುಗಳಲ್ಲಿ ಸಿಗುತ್ತದೆ, ತಳದಲ್ಲಿ ಕೈಕೊಡುತ್ತದೆ. ಲೋರಾ ರೇಡಿಯೊ ಕಿಲೋಮೀಟರುಗಟ್ಟಲೆ ತಲುಪಿದರೂ ಸೆಕೆಂಡಿಗೆ ಕೆಲವು ಕಿಲೋಬಿಟ್ ಮಾತ್ರ ಹೊರಬಲ್ಲದು. ಪಂಪು, ಲೈಟಿಂಗ್ ಟವರ್, ನಿಂತಿರುವ ಜನರೇಟರ್‌ಗಳ ಜಾಗ ತಿಳಿಯಲು ಅದು ಒಪ್ಪುತ್ತದೆ, ಡಂಪರ್ ಡಿಸ್ಪ್ಯಾಚ್‌ಗೆ ಒಪ್ಪುವುದಿಲ್ಲ. ಉಪಗ್ರಹ ಸಂದೇಶ ಯಾವ ಜಾಲವೂ ಇಲ್ಲದ ಕಡೆ ಕೊನೆಯ ಆಸರೆ.

ಎಲ್ಲ ರೇಡಿಯೊಗಳಿಗೂ ಅನ್ವಯಿಸುವ, ಮಾರಾಟದ ಕಡತಗಳಲ್ಲಿ ಅಪರೂಪಕ್ಕೆ ಕಾಣುವ ಮಾತೊಂದಿದೆ. ವಿದ್ಯುತ್ ಡಿಟೊನೇಟರ್‌ಗಳ ಬಳಿ ರೇಡಿಯೊ ಪ್ರಸಾರ ಅಪಾಯಕಾರಿ. ತಂತಿಗಳು ಆಂಟೆನಾದಂತೆ ಶಕ್ತಿ ಹೀರಿ ಅಕಾಲಿಕ ಸ್ಫೋಟಕ್ಕೆ ಕಾರಣವಾಗಬಹುದು. ಡ್ರಿಲ್, ಸ್ಫೋಟಕ ಸಾಗಿಸುವ ವಾಹನ, ಬ್ಲಾಸ್ಟಿಂಗ್ ಜಾಗದ ಸುತ್ತ ಓಡಾಡುವ ಪ್ರತಿ ಟ್ರ್ಯಾಕರಿನ ಪ್ರಸಾರ ಶಕ್ತಿ ಎಷ್ಟು, ಎಷ್ಟು ದೂರ ಕಾಯಬೇಕು ಎಂಬುದನ್ನು ಬ್ಲಾಸ್ಟಿಂಗ್ ಅಧಿಕಾರಿ ಮತ್ತು ಡಿಟೊನೇಟರ್ ತಯಾರಕರ ಜೊತೆ ಕೂತು ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳದೆ ಒಂದು ಪೆಟ್ಟಿಗೆಯನ್ನೂ ಕೂರಿಸಬೇಡಿ.

ತಯಾರಕರದ್ದೋ, ಹೊರಗಿನವರದ್ದೋ

ಯಂತ್ರದ ಜೊತೆಗೇ ಬರುವ ಟೆಲಿಮ್ಯಾಟಿಕ್ಸ್, ಅಂದರೆ ಯಂತ್ರದ ಸ್ಥಿತಿಯನ್ನು ದೂರಕ್ಕೆ ಕಳುಹಿಸುವ ವ್ಯವಸ್ಥೆ, ಎಂಜಿನ್ನಿನ ಒಳಮಾಹಿತಿಯನ್ನು ಬೇರೆ ಯಾರೂ ಓದಲಾಗದಷ್ಟು ಆಳವಾಗಿ ಓದುತ್ತದೆ. ಒಂದೇ ಕಂಪನಿಯ ಯಂತ್ರಗಳಿರುವ ಗಣಿಗೆ ಅದು ಸುಲಭದ ದಾರಿ. ಬಹುಪಾಲು ಗಣಿಗಳಲ್ಲಿ ನಾಲ್ಕೈದು ಕಂಪನಿಗಳ ಯಂತ್ರಗಳಿರುತ್ತವೆ, ಗುತ್ತಿಗೆದಾರರದ್ದು ಬೇರೆ. ಆಗ ಪ್ರತಿ ಕಂಪನಿಗೂ ಒಂದೊಂದು ಪರದೆ ತೆರೆದು ಕೂರಬೇಕಾಗುತ್ತದೆ. ಐಎಸ್‌ಒ 15143-3 ಮಾನದಂಡ ಜಾಗ, ಎಂಜಿನ್ ಗಂಟೆ, ಇಂಧನದಂಥ ವಿವರಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಒಂದೇ ರೂಪದಲ್ಲಿ ಕೊಡುವ ವ್ಯವಸ್ಥೆ. ನಿರ್ವಹಣೆಯ ಲೆಕ್ಕಕ್ಕೆ ಇದು ಬಹಳ ಒಳ್ಳೆಯದು. ಆದರೆ ಸರ್ವರ್ ಸುತ್ತಿ ಬರುವ ಈ ಮಾಹಿತಿಯ ಮೇಲೆ ಕ್ಷಣಕ್ಷಣದ ಡಿಸ್ಪ್ಯಾಚ್ ನಡೆಸಲಾಗದು.

ಹೊರಗಿನವರ ಪೆಟ್ಟಿಗೆ ಎಲ್ಲ ಕಂಪನಿಗಳ ಯಂತ್ರಕ್ಕೂ ಕೂರುತ್ತದೆ, ಆಳ ಕಡಿಮೆ. ಬರೀ ಜಿಪಿಎಸ್ ನೋಡಿ ‘ಶಾವೆಲ್ ನಿಂತಿದೆ’ ಎಂದು ಹೇಳುವ ಪೆಟ್ಟಿಗೆಗೆ ಅದು ಡಂಪರಿಗಾಗಿ ಕಾಯುತ್ತಿದೆಯೋ, ಡೋಜರ್ ಮುಂದಿನ ನೆಲ ಸರಿಮಾಡಲಿ ಎಂದು ಕಾಯುತ್ತಿದೆಯೋ, ಕೆಟ್ಟು ನಿಂತಿದೆಯೋ ತಿಳಿಯದು. ಎಂಜಿನ್ನಿನ ಮಾಹಿತಿ ಹರಿಯುವ ಜೆ1939 ತಂತಿಜಾಲಕ್ಕೆ ಸೇರುವ, ತಿರುಗುವಿಕೆಯನ್ನು ಅಳೆಯುವ, ಆಪರೇಟರ್ ಒಂದು ಗುಂಡಿ ಒತ್ತಿ ಕಾರಣ ಹೇಳಬಹುದಾದ ಪೆಟ್ಟಿಗೆಯನ್ನೇ ಆರಿಸಿ. ಮೂಲ ಮಾಹಿತಿ ಗಣಿಯ ಸೊತ್ತು, ಒಪ್ಪಂದ ಮುಗಿದ ಮೇಲೂ ಪೂರ್ತಿಯಾಗಿ ಸಿಗಬೇಕು ಎಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು.

ಆಪರೇಟರುಗಳ ವಿಷಯವನ್ನು ಇಲ್ಲಿಯೇ ಹೇಳಬೇಕು. ಗುಂಡಿ ಒತ್ತುವ ಕೈ ಅವರದ್ದು. ಮೊದಲ ವಾರವೇ ಆ ಮಾಹಿತಿಯಿಂದ ನೋಟಿಸ್ ಕೊಟ್ಟರೆ ಮರುವಾರದಿಂದ ಎಲ್ಲ ನಿಲುಗಡೆಗೂ ಒಂದೇ ಸುರಕ್ಷಿತ ಕಾರಣ ಒತ್ತಲಾಗುತ್ತದೆ. ಶಾವೆಲ್ ಆಪರೇಟರ್‌ಗೂ ತನ್ನ ಕಡೆಗೆ ಬರುತ್ತಿರುವ ಡಂಪರ್‌ಗಳು ಕಾಣುವಂಥ ಪರದೆ ಕೊಡುವ ವ್ಯವಸ್ಥೆಗೆ ನನ್ನ ಮತ. ಮುಂದಿನ ಡಂಪರ್ ಬರಲು ನಾಲ್ಕು ನಿಮಿಷವಿದೆ ಎಂದು ಗೊತ್ತಾದರೆ ಅವರು ಅಷ್ಟರಲ್ಲಿ ಅಗೆಯುತ್ತಿರುವ ಗೋಡೆಯ ಮುಖವನ್ನು ಸರಿಮಾಡಿಕೊಳ್ಳುತ್ತಾರೆ.

ಹಾಗಾದರೆ ಯಾವುದು

ಹತ್ತಿಪ್ಪತ್ತು ಯಂತ್ರಗಳ, ದಪ್ಪ ಪದರದ, ಕೆಲವೇ ವರ್ಷ ಉಳಿದಿರುವ ಗಣಿಗೆ: ಬಹು ಉಪಗ್ರಹ ಸಮೂಹದ ಸಾದಾ ರಿಸೀವರ್, ಐದು ಸೆಕೆಂಡಿನ ಓದು, ಮೊಬೈಲ್ ಜಾಲ ಮತ್ತು ಅದು ಸಿಗದ ತಳದಲ್ಲಿ ಒಂದೆರಡು ಮೆಶ್ ಕಂಬ, ವೇಬ್ರಿಜ್‌ನಲ್ಲಿ ಆರ್‌ಎಫ್‌ಐಡಿ. ಮಧ್ಯಮ ಗಣಿಗೆ: ಶಾವೆಲ್‌ಗಳಿಗೆ ಮಾತ್ರ ಆರ್‌ಟಿಕೆ, ಡಂಪರ್‌ಗಳಿಗೆ ಸಾದಾ, ಜೊತೆಗೆ ಡಿಸ್ಪ್ಯಾಚ್ ಸಾಫ್ಟ್‌ವೇರ್. ಪದರಗಳು ತೆಳುವಾಗಿದ್ದರೆ ಕಲ್ಲಿದ್ದಲು ಮುಟ್ಟುವ ಎಕ್ಸ್‌ಕವೇಟರ್ ಮತ್ತು ಡೋಜರ್‌ಗಳಿಗೆ ಬಕೆಟ್, ಬ್ಲೇಡ್ ಮಟ್ಟದ ಮಾರ್ಗದರ್ಶನ. ಗಣಿಯ ಗಾತ್ರ ಏನೇ ಇರಲಿ. ದೊಡ್ಡ, ದೀರ್ಘಕಾಲದ ಗಣಿಗೆ: ಮೊದಲು ಎಲ್‌ಟಿಇ ಜಾಲ, ಆಮೇಲೆ ಉಳಿದದ್ದು. ವಿದ್ಯುತ್ ಶಾವೆಲ್‌ಗಳಿದ್ದರೆ ಅವುಗಳ ಹಿಂದೆ ನೆಲದ ಮೇಲೆ ಹಾಸಿರುವ ಅಧಿಕ ಒತ್ತಡದ ಕೇಬಲ್ಲಿನ ದಾರಿಯನ್ನೂ ನಕ್ಷೆಯಲ್ಲಿ ಗುರುತಿಸಿ, ಡಂಪರ್ ಅದರತ್ತ ಬಂದರೆ ಎಚ್ಚರಿಸುವಂತೆ ಕೇಳಿ. ಅದಕ್ಕೆ ಹೆಚ್ಚಿನ ಯಂತ್ರಾಂಶ ಬೇಕಿಲ್ಲ, ಜೀವ ಉಳಿಸಬಲ್ಲದು.

ಸಹಿ ಹಾಕುವ ಮೊದಲು ನಿಮ್ಮದೇ ಗಣಿಯಲ್ಲಿ ಪರೀಕ್ಷೆ ಇಟ್ಟುಕೊಳ್ಳಿ. ಒಂದು ಪೆಟ್ಟಿಗೆಯನ್ನು ಹೈವಾಲ್ ಎಂಬ ಎತ್ತರದ ಗೋಡೆಯ ಬುಡದ ಶಾವೆಲ್‌ಗೆ, ಇನ್ನೊಂದನ್ನು ಅತಿ ಉದ್ದದ ದಾರಿಯ ಡಂಪರಿಗೆ ಕೂರಿಸಿ. ಸರ್ವೇಯರ್ ಟೋಟಲ್ ಸ್ಟೇಷನ್ ಎಂಬ ಅಳತೆ ಉಪಕರಣದಿಂದ ಅಳೆದ ಜಾಗ, ಎತ್ತರಗಳೊಂದಿಗೆ ಪರದೆಯದ್ದನ್ನು ಹೋಲಿಸಲಿ. ಗಣಿಯ ಸ್ಥಳೀಯ ನಿರ್ದೇಶಾಂಕಗಳಿಗೆ ಪರಿವರ್ತನೆ ಸರಿಯಾಗಿದೆಯೇ ಎಂಬುದು ಆಗಲೇ ಬಯಲಾಗುತ್ತದೆ. ಒಂದು ಪೂರ್ತಿ ಪಾಳಿ ಯಾರಾದರೂ ಪುಸ್ತಕ ಹಿಡಿದು ಬಕೆಟ್‌ಗಳನ್ನು, ನಿಲುಗಡೆಗಳನ್ನು ಬರೆದು ವ್ಯವಸ್ಥೆಯ ವರದಿಯ ಪಕ್ಕ ಇಡಲಿ. ಅಯಾನುಗೋಳ ಕದಡುವ ಸಂಜೆಯ ಪಾಳಿಯನ್ನು ಬಿಡಬೇಡಿ. ಯಂತ್ರದ ಬ್ಯಾಟರಿ ಸಂಪರ್ಕವನ್ನು ಐಸೊಲೇಟರ್ ಸ್ವಿಚ್‌ನಿಂದ ಕಡಿದಾಗ ಟ್ರ್ಯಾಕರ್ ಕೂಡ ಸಾಯುತ್ತದೆಯೋ, ತನ್ನದೇ ಚಿಕ್ಕ ಬ್ಯಾಟರಿಯ ಮೇಲೆ ಬದುಕಿ ಯಂತ್ರ ವರ್ಕ್‌ಶಾಪಿನಲ್ಲಿದೆ ಎಂದು ಹೇಳುತ್ತದೆಯೋ ನೋಡಿ. ಕೊನೆಗೆ, ಪಾಳಿಯ ನಡುವೆ ನೆಟ್‌ವರ್ಕನ್ನು ಒಂದು ಗಂಟೆ ಬೇಕೆಂದೇ ಕಡಿದು, ಮತ್ತೆ ಜೋಡಿಸಿ. ಆ ಒಂದು ಗಂಟೆಯ ಮಾಹಿತಿ ಘಟನೆ ನಡೆದ ನಿಜವಾದ ಸಮಯದೊಂದಿಗೆ, ಒಂದೂ ತಪ್ಪದೆ ವರದಿಗೆ ಬಂದು ಸೇರಿದರೆ ಮಾತ್ರ ಬೆಲೆಯ ಮಾತಿಗೆ ಕೂರಿ.